ಚೇಂಜ್ ಅಂದರೆ ಚಿಲ್ಲರೆ

ಮೊನ್ನೆ ನಮ್ಮ ಓಣಿಯ ಕಿರಾಣಿ ಅಂಗಡಿಯವ, "ಅಜ್ಜಾರ, ಚೇಂಜ್ ಇಲ್ರಿ, ಬ್ಯಾಲೆನ್ಸ್ ನಾಳೆ ಇಸ್ಕೊಳ್ರಿ" ಅಂದ. ಒಂದೇ ಉಸಿರಿನಲ್ಲಿ ಎರಡು ಇಂಗ್ಲಿಷ್ ಮಾತು. ಅವು ಇಂಗ್ಲಿಷ್ ಅನ್ನುವುದೂ ಅವನಿಗೆ ಗೊತ್ತಿರಲಿಕ್ಕಿಲ್ಲ, ಉಪ್ಪು ಎಣ್ಣೆ ಅಂದಷ್ಟೇ ಸಲೀಸಾಗಿ ಅಂದುಬಿಟ್ಟ. ನಾನು ಮಾತ್ರ ಅಂಗಡಿಯ ಕಟ್ಟೆಗೆ ಕೈಯೂರಿ ನಿಂತೆ. ಈ ಎರಡು ಮಾತಿನ ಪೂರ್ತಿ ಅರ್ಥ ತಿಳಿಯಲು ನನಗೆ ಒಂದು ಕಾಲದಲ್ಲಿ ಒಂದೂವರೆ ತಿಂಗಳು ಹಿಡಿದಿತ್ತು. ತಿಳಿಸಿದವಳು ಒಂದಕ್ಷರ ಇಂಗ್ಲಿಷ್ ಬಾರದ ನನ್ನ ಹೆಂಡತಿ.

ಆಣೆ-ಪೈಗಳು ಇನ್ನೂ ನಡೆಯುತ್ತಿದ್ದ ಕಾಲ ಅದು. ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದೆವು. ಗಜೇಂದ್ರಗಡದಲ್ಲಿ ನಮ್ಮದು ಒಂದು ಮಗ್ಗದ ಮನೆ. ಪಡಸಾಲೆಯಲ್ಲಿ ಮಗ್ಗಕ್ಕೆಂದು ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನಾನು ಸೀರೆ ನೇಯುತ್ತಿದ್ದೆ, ಅವ್ವ ನೂಲು ಬಿಡಿಸುತ್ತಿದ್ದಳು, ಹೆಂಡತಿ ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮೂವರ ಕೈ ಆಡಿದರೆ ಮಾತ್ರ ಮಗ್ಗ ಆಡುತ್ತಿತ್ತು. ಅಪ್ಪ ಇದ್ದಾಗ ನಾನು ಒಂದು ವರ್ಷ ಇಂಗ್ಲಿಷ್ ಕಲಿತಿದ್ದೆ. ಅವರು ಹೋದ ಮೇಲೆ ಪುಸ್ತಕವನ್ನು ಗೋಡೆಯ ಮಾಡದಲ್ಲಿಟ್ಟು ಕುಣಿಗೆ ಇಳಿದೆ.

ಆ ಒಂದು ವರ್ಷದ ಕಲಿಕೆಯ ಮೇಲೆ ನಾನು ನಡೆಸಿದ ದರ್ಬಾರು ಹೇಳತೀರದು. ಓಣಿಗೆ ತಾರು, ಅಂದರೆ ಟೆಲಿಗ್ರಾಂ, ಬಂದರೆ ಓದಿಸಲು ನನ್ನ ಹತ್ತಿರವೇ ತರುತ್ತಿದ್ದರು. ಆಗ ತಾರು ಎಂದರೆ ಎರಡೇ ಸುದ್ದಿ: ಜೀವ ಹೋಯಿತು, ಇಲ್ಲವೆ ಹೋಗುವುದರಲ್ಲಿದೆ. ಆ ಎರಡು ಶಬ್ದ ಗುರುತು ಹಿಡಿದರೆ ಸಾಕಾಗಿತ್ತು, ಉಳಿದದ್ದನ್ನು ಓದುವಷ್ಟರಲ್ಲಿ ಅಳು ಶುರುವಾಗಿರುತ್ತಿತ್ತು. ಹೀಗಾಗಿ ನನ್ನ ಇಂಗ್ಲಿಷ್ ಎಷ್ಟು ಆಳವೆಂದು ಯಾರೂ ಇಳಿದು ನೋಡಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ ನಾನೇ ಓಣಿಯ ಪಂಡಿತನಾಗಿದ್ದೆ.

ಮದುವೆಯಾದ ಎರಡು ವರ್ಷಕ್ಕೆ ಹೆಂಡತಿ ಬಸಿರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳ ತವರು ಬೆಳವಣಕಿ, ರೋಣದ ಆಚೆಗೆ. ಮುಂದಿನ ತಿಂಗಳು ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ ಕಳಿಸುವುದೆಂದು ಮಾತಾಗಿತ್ತು. ಏಳು ತುಂಬುವ ಮೊದಲೇ ಕೂಸು ಬಂತು. ಬಂದ ದಿನವೇ ಹೋಯಿತು. ಹೆಣ್ಣುಕೂಸು. ನಾನು ಅದರ ಮುಖವನ್ನು ಸರಿಯಾಗಿ ನೋಡಲಿಲ್ಲ. ಆಗ ಧೈರ್ಯ ಸಾಲಲಿಲ್ಲ, ಈಗ ನೆನೆಯೋಣವೆಂದರೆ ಆ ಮುಖವೇ ನೆನಪಿನಲ್ಲಿಲ್ಲ.

ಆಮೇಲೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಕುಳಿತಲ್ಲಿಂದ ಎದ್ದರೆ ತಲೆ ತಿರುಗಿ ಗೋಡೆ ಹಿಡಿಯುವಳು, ಒಂದು ಸಲ ನೀರಿನ ಕೊಡದ ಸಮೇತ ಬಿದ್ದಳು. ಅವಳ ತಾಯಿಗೆ ದಮ್ಮು, ಬಸ್ಸು ಹತ್ತುವ ಹಾಗಿರಲಿಲ್ಲ. ತಂದೆ ಬಂದರು, ಮಗಳ ತಲೆ ಸವರಿದರು, ಹದಿನೈದು ದಿನ ಕಳಿಸಿಕೊಡಿರೆಂದು ಕೇಳಿದರು. ಅಮಾಸಿ ಕಳೆಯಲಿ ನೋಡೋಣ ಎಂದು ಅವ್ವ ಸಾಗಹಾಕಿದಳು. ಅವರು ಹೋದ ಮೇಲೆ ನನಗೆ, "ಉಡಿ ತುಂಬಿ ಕಳಸಬೇಕಾದಾಕಿನ್ನ ಬರೇ ಉಡಿಲೆ ಹ್ಯಾಂಗ ಕಳಸೂದು?" ಎಂದಳು.

ಅದು ಬಾಯಿಮಾತಿನ ಕಾರಣ. ಒಳಗಿನದು ಬೇರೆ ಇತ್ತು. ನಮ್ಮದರಿಂದ ಮೂರನೆಯ ಮನೆಯ ಸೊಸೆ ಇಂಥದೇ ದುಃಖದಲ್ಲಿ ತವರಿಗೆ ಹೋದವಳು ತಿರುಗಿ ಬಂದಿರಲೇ ಇಲ್ಲ. ಅವಳ ಗಂಡ ಸಂಜೆಯ ಬಸ್ಸಿನ ಹೊತ್ತಿಗೆ ಸುಮ್ಮನೆ ಸ್ಟ್ಯಾಂಡಿನ ಕಡೆ ಹೋಗಿ ಬರುವುದನ್ನು ನಾವೆಲ್ಲ ನೋಡುತ್ತಿದ್ದೆವು.

ಕಡೆಗೆ ರೋಣದ ದವಾಖಾನೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಬಿಡಲಿಲ್ಲ. ಡಾಕ್ಟರು ಮರಾಠಿಯವರು, ಕನ್ನಡ ಅಷ್ಟಕ್ಕಷ್ಟೆ, ಆದರೆ ಬಹಳ ಸಮಾಧಾನದ ಮನುಷ್ಯ. ಅವಳ ಕಣ್ಣ ರೆಪ್ಪೆ ಎಳೆದು ನೋಡಿದರು, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಅವಳು ತೂರಾಡಿದಳು. ಚೀಟಿಯ ಮೇಲೆ ಔಷಧ ಬರೆದು, ಕೆಳಗೆ ಎರಡು ಸಾಲು ಇಂಗ್ಲಿಷ್ ಗೀಚಿ, ಮರಾಠಿಯಲ್ಲಿ ನಾಲ್ಕು ಮಾತು ಹೇಳಿ, ತಿಳಿಯಿತೇನು ಎಂದು ನನ್ನ ಕಡೆ ನೋಡಿದರು. ಹೊರಗೆ ಕಾಯುತ್ತಿದ್ದ ಹತ್ತು ಜನರಿಗೂ ಕೇಳುವಂತೆ ನಾನು "ಯಸ್ ಸರ್" ಅಂದೆ. ಆ ಎರಡು ಶಬ್ದಕ್ಕೆ ಎಷ್ಟು ತೆರಬೇಕಾಯಿತು ಎಂಬುದು ಮುಂದೆ ಬರುತ್ತದೆ. ಔಷಧ ಹಾಕಿಸಿಕೊಳ್ಳಲು ನಾನು ಸೀಸೆ ತೊಳೆದುಕೊಂಡು ಬರುವಷ್ಟರಲ್ಲಿ ಕಂಪೌಂಡರ್ ಅವಳಿಗೆ ಏನೋ ಹೇಳುತ್ತಿದ್ದ. ಔಷಧ ಕುಡಿಯುವ ಹೊತ್ತು ಹೇಳುತ್ತಿದ್ದಾನೆ ಅಂದುಕೊಂಡೆ.

ಮನೆಗೆ ಬಂದಾಗ ಅವ್ವ ಚೀಟಿಯಲ್ಲಿ ಏನಿದೆ ಓದು ಎಂದಳು. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಕುಣಿಯ ಅಂಚಿಗೆ ಕುಳಿತು ಚೀಟಿ ಬಿಡಿಸಿದೆ. ಮೊದಲ ಸಾಲು, ಪೂವರ್ ಬ್ಯಾಲೆನ್ಸ್. ಎರಡನೆಯದು, ನೀಡ್ಸ್ ಚೇಂಜ್. ಪೂವರ್ ಅಂದರೆ ಬಡವ, ಅದು ನಮ್ಮ ಪುಸ್ತಕದ ಎರಡನೆಯ ಪಾಠದಲ್ಲೇ ಬಂದಿತ್ತು. ಉಳಿದೆರಡನ್ನು ಬಸ್ಸಿನ ಕಂಡಕ್ಟರನಿಂದ ಕಲಿತಿದ್ದೆ: ಅವನು ಚೇಂಜ್ ಇಲ್ಲ ಎಂದು ಬೈದು, ಬ್ಯಾಲೆನ್ಸ್ ಇಳಿಯುವಾಗ ಇಸಿದುಕೋ ಎಂದು ಟಿಕೀಟಿನ ಬೆನ್ನಿಗೆ ಬರೆದುಕೊಡುತ್ತಿದ್ದ. ಅಂದಮೇಲೆ ಚೇಂಜ್ ಎಂದರೆ ಚಿಲ್ಲರೆ, ಬ್ಯಾಲೆನ್ಸ್ ಎಂದರೆ ಬಾಕಿ. ನಾನು ಗಂಟಲು ಸರಿಮಾಡಿಕೊಂಡು ಓದಿದೆ: ಬಡತನ ಐತಿ, ಬಾಕಿ ಐತಿ, ಚಿಲ್ಲರ ಬೇಕು.

"ಅದೇನ ದವಾಖಾನಿ ಚೀಟಿಯೋ, ಸಂತಿ ಚೀಟಿಯೋ?" ಎಂದಳು ಅವ್ವ.

ಅಲ್ಲಿಗೆ ತಪ್ಪು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಓಣಿಯ ಪಂಡಿತ ತಾಯಿಯ ಮುಂದೆ ಸೋಲುವುದುಂಟೇ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನನ್ನದು. ಡಾಕ್ಟರು ಬರೆದದ್ದು ಹೆಂಗಸರ ಜಡ್ಡಿನ ವಿಷಯ ಎಂದು ಕತೆ ಕಟ್ಟಿದೆ. ಕೈ ಬರಿದಾದರೆ ಮನಸ್ಸೂ ಬರಿದಾಗುತ್ತದಂತೆ, ತಲೆ ತಿರುಗುತ್ತದಂತೆ, ಇವಳ ಕೈಯಲ್ಲಿ ದಿನಾಲೂ ನಾಲ್ಕು ಚಿಲ್ಲರೆ ಇರಬೇಕಂತೆ, ಲೆಕ್ಕ ಕೇಳಬಾರದಂತೆ. ಕೊನೆಯದನ್ನು ಯಾಕೆ ಸೇರಿಸಿದೆನೋ ನನಗೂ ತಿಳಿಯದು, ಸುಳ್ಳು ಒಮ್ಮೆ ಹಳಿ ಹತ್ತಿದರೆ ತಾನೇ ಓಡುತ್ತದೆ.

ಅವ್ವ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಎಲೆಯಡಿಕೆಯ ಸಂಚಿ ಬಿಚ್ಚಿ ಒಂದು ತೂತಿನ ದುಡ್ಡು, ಒಂದು ಆಣೆ ತೆಗೆದು, ಮಲಗಿದ್ದ ಸೊಸೆಯ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. "ನನಗೂ ಒಮ್ಮೆ ಯಾರರ ಹಿಂಗ ಬರದ ಕೊಟ್ಟಿದ್ರ ಭಾಳ ಛಲೋ ಇತ್ತು" ಎಂದಳು. ಅವ್ವ ತನ್ನ ಬಗ್ಗೆ ಹಾಗೆ ಒಂದು ಮಾತು ಆಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. ನನಗೂ ಥಟ್ಟನೆ ಹೊಳೆಯಿತು: ಮದುವೆಯಾಗಿ ಎರಡೂವರೆ ವರ್ಷದಲ್ಲಿ ಹೆಂಡತಿಯ ಕೈಗೆ ನಾನು ಒಂದು ಬಿಡಿಗಾಸು ಕೊಟ್ಟಿರಲಿಲ್ಲ. ಕೊಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ದಿನಾ ಒಂದು ನಾಣ್ಯ ಸೆರಗು ಸೇರತೊಡಗಿತು. ಐದಾರು ದಿನ ಅವಳು ಆ ಗಂಟನ್ನು ಮುಟ್ಟಿಯೂ ನೋಡಲಿಲ್ಲ. ಒಂದು ದಿನ ಮುಶಿಗೇರಿ ಕಡೆಯ ಮುದುಕಿಯೊಬ್ಬಳು ಬಾರಿಹಣ್ಣಿನ ಬುಟ್ಟಿ ಹೊತ್ತು ಓಣಿಯಲ್ಲಿ ಕೂಗುತ್ತ ಬಂದಳು. ನಾನು ಕುಣಿಯಲ್ಲಿದ್ದೆ. ಬಾಗಿಲ ಕಡೆಯಿಂದ ದನಿ ಕೇಳಿತು.

"ಹುಳಕ ಹಾಕಬ್ಯಾಡ ಆಯೀ. ಮ್ಯಾಲಿನ್ವೂ ಒಲ್ಲೆ. ಬುಟ್ಟಿ ತಳದಾಗಿನ್ವು ಕೊಡು."

ಲಾಳಿ ಕೈಯಲ್ಲೇ ಉಳಿಯಿತು. ತಿಂಗಳ ಮೇಲೆ ಕೇಳಿದ ಅವಳ ದನಿ ಅದು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಆದರೆ ಒಂದೇ ಕೈಯಿಂದ, ಇನ್ನೊಂದರಲ್ಲಿ ನಾಣ್ಯವಿತ್ತು. ಮುದುಕಿ ಮುರಿದು ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸಿ ಗಂಟು ಹಾಕಿಕೊಂಡಳು. ಹಣ್ಣಿಗೆ ಉಪ್ಪು ಹಚ್ಚಿ ಅತ್ತೆಗೆ ಕೊಟ್ಟು ತಾನೂ ತಿಂದಳು. ನನಗೂ ನಾಲ್ಕು ಬಂದವು. ಹುಳಿ ಹಣ್ಣು, ಕಣ್ಣಲ್ಲಿ ನೀರು ಬಂತು, ಹುಳಿಗೇ ಬಂತೆಂದು ಹೇಳಿಕೊಂಡೆ.

ಆಮೇಲೆ ದಿನಕ್ಕೊಂದು ಹೆಜ್ಜೆ. ಹೊಸ್ತಿಲು, ಕಟ್ಟೆ, ಓಣಿಯ ತಿರುವು. ಮುಂದಿನ ಸಂತೆಗೆ ಅವ್ವನ ಜೊತೆ ಹೋಗಿ ತಾನೇ ನಿಂತು ಮೆಂತ್ಯೆಸೊಪ್ಪು ಆರಿಸಿ ತಂದಳು. ಸಂತೆಯ ನೂಕುನುಗ್ಗಲಿನಲ್ಲಿ ಗೋಡೆ ಎಲ್ಲಿಂದ ಬರಬೇಕು, ಹಿಡಿಯದೇ ನಡೆದಳು. ಮತ್ತೆ ರಾಟಿಯ ಮುಂದೆ ಕುಳಿತಳು. ನನ್ನ ಇಂಗ್ಲಿಷಿನ ಕೀರ್ತಿ ಪಕ್ಕದ ಓಣಿಗೂ ಹೋಯಿತು.

ಇನ್ನು ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ಚೀಟಿ ಓದಿದ ಮೂರನೆಯ ದಿನವೇ, ಹೊಕ್ಕಿನ ಎಳೆ ಹಾಕುತ್ತಿದ್ದಾಗ, ನಮ್ಮ ಇಂಗ್ಲಿಷ್ ಪುಸ್ತಕದ ಒಂದು ಮಾತು ನೆನಪಾಗಿತ್ತು: ಬೇಸಿಗೆಯಲ್ಲಿ ಅವರು ಚೇಂಜಿಗೆಂದು ಗುಡ್ಡಕ್ಕೆ ಹೋದರು. ನಮ್ಮೂರ ಗುಡ್ಡದಲ್ಲಿ ಯಾವ ಚಿಲ್ಲರೆ ಸಿಗುತ್ತದೆ ಎಂದು ಶಾಲೆಯಲ್ಲಿ ನಾವು ನಕ್ಕಿದ್ದೆವು. ಮಾಸ್ತರರು ಕಿವಿ ಹಿಂಡಿ, ಜಾಗ ಬದಲಿಸಿ ನಾಲ್ಕು ದಿನ ಬೇರೆ ಗಾಳಿ ಕುಡಿದು ಬರುವುದಕ್ಕೂ ಚೇಂಜ್ ಅನ್ನುತ್ತಾರೆ ಎಂದಿದ್ದರು. ಡಾಕ್ಟರು ಬರೆದದ್ದು ಅದನ್ನೇ ಎಂದು, ಬ್ಯಾಲೆನ್ಸ್ ಅಂದದ್ದೂ ಬಾಕಿಯನ್ನಲ್ಲ, ಅವಳ ತೂರಾಟವನ್ನು ಎಂದು ನನಗೆ ಆ ಕ್ಷಣವೇ ತಿಳಿಯಿತು. ಅವಳನ್ನು ಬೆಳವಣಕಿಗೆ ಕಳಿಸಬೇಕು. ತಿಳಿದೂ ಲಾಳಿ ಓಡಿಸಿದೆ. ಹೋದವಳು ಬಾರದಿದ್ದರೆ ಎಂಬ ಭಯ ನನ್ನ ಬಾಯಿ ಕಟ್ಟಿತು. ತಪ್ಪು ಓದಿದ್ದು ಮೂರು ದಿನ ಮಾತ್ರ, ಆಮೇಲಿನದೆಲ್ಲ ಕಳ್ಳತನ.

ಒಂದೂವರೆ ತಿಂಗಳಿಗೆ ಮತ್ತೆ ರೋಣಕ್ಕೆ ಹೋದೆವು. ಅವಳು ಕಣ್ಣು ಮುಚ್ಚಿ ನೆಟ್ಟಗೆ ನಿಂತಳು. ಡಾಕ್ಟರು ಖುಷಿಯಾಗಿ, "ಛಾನ್. ಹವಾಪಾಲಟಕ್ಕ ಕುಠೇ ಹೋಗಿದ್ದಳು?" ಎಂದು ಅರ್ಧ ಕನ್ನಡದಲ್ಲಿ ಕೇಳಿದರು. ಚೆನ್ನಾಗಿದ್ದಾಳೆ, ಹವಾ ಬದಲಿಗೆ ಎಲ್ಲಿ ಹೋಗಿದ್ದಳು ಎಂದು. ಎಲ್ಲಿಯೂ ಇಲ್ಲ ಎಂದೆ. ಅವರು ನನ್ನನ್ನೂ ಅವಳನ್ನೂ ನೋಡಿ ಮುಂದಿನ ರೋಗಿಯನ್ನು ಕರೆದರು.

ಬಸ್ ಸ್ಟ್ಯಾಂಡಿಗೆ ಬಂದೆವು. ಗಜೇಂದ್ರಗಡದ ಬಸ್ಸು ನಿಂತಿತ್ತು. ಅದರಾಚೆ ನರಗುಂದದ ಕಡೆಯದು, ಬೆಳವಣಕಿಯ ಮೇಲೆ ಹೋಗುವಂಥದ್ದು. ನಾನು ಬೇವಿನ ಗಿಡದ ಕೆಳಗೆ ನಿಂತು, ಚೀಟಿಯ ಅರ್ಥ ನನಗೆ ಮೊದಲೇ ಗೊತ್ತಾಗಿತ್ತು ಎಂದು ಹೇಗೋ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನನಗೂ ಗೊತ್ತಿತ್ರಿ. ತವರಿಗೆ ಹೋಗಿ ಬಾ ತಂಗಿ ಅಂತ ಆ ಕಂಪೌಂಡರ್ ಅವತ್ತ ಹೇಳಿದ್ದ. ನೀವಾಗೇ ಹೇಳ್ತೀರಿ ಅಂತ ಹಾದಿ ನೋಡಿದ್ನಿ."

ಒಂದೂವರೆ ತಿಂಗಳು. ನನಗೆ ನಿಂತ ನೆಲ ತಿರುಗಿದ ಹಾಗಾಯಿತು, ಬೇವಿನ ಬೊಡ್ಡೆಗೆ ಕೈ ಕೊಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಬಾರಿಹಣ್ಣು, ಸೊಪ್ಪು ಕೊಂಡು ಉಳಿದದ್ದೆಲ್ಲ ಅದರಲ್ಲಿತ್ತು, ಆಣೆ, ಎರಡಾಣೆ, ತೂತಿನ ದುಡ್ಡುಗಳು. ಈಗಲೇ ತವರಿಗೆ ಹೋಗುವೆನೆಂದೂ, ಟಿಕೀಟಿಗೆ ನನ್ನ ಕಡೆಯಿಂದ ಏನೂ ಬೇಡವೆಂದೂ, ನರಗುಂದದ ಬಸ್ಸಿನಲ್ಲಿ ತಮ್ಮೂರ ಗಂಡಹೆಂಡತಿ ಕುಳಿತಿದ್ದಾರೆ, ಜೊತೆಯಾಯಿತೆಂದೂ ಹೇಳಿದಳು. ನಾನೂ ಬರುತ್ತೇನೆ ಎಂದರೆ, ಮಗ್ಗದ ಮೇಲೆ ಸೀರೆ ಅರ್ಧ ಇದೆ, ಅತ್ತೆ ಒಬ್ಬರೇ ಇದ್ದಾರೆ ಎಂದಳು. ಮತ್ತೆ ಯಾವಾಗ ಎಂದು ಕೇಳಲು ಬಾಯಿ ಬರಲಿಲ್ಲ. ನನ್ನ ಮುಖ ಕೇಳಿರಬೇಕು. ಅವಳು ನಾಣ್ಯಗಳನ್ನು ಎರಡು ಪಾಲು ಮಾಡಿ, ಒಂದನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದನ್ನು ನನ್ನ ಕಣ್ಣೆದುರಿಗೇ ತಿರುಗಿ ಸೆರಗಿಗೆ ಕಟ್ಟಿದಳು.

"ಹೋಗಾಕಷ್ಟ ಅಲ್ರಿ, ಬರಾಕೂ ಐತಿ."

ಬಸ್ಸು ಹೋಯಿತು. ಮನೆಗೆ ಬಂದು ಅವ್ವನ ಮುಂದೆ ಒಂದನ್ನೂ ಮುಚ್ಚಿಡದೆ ಹೇಳಿದೆ. ನನ್ನ ಸುಳ್ಳಿಗೆ ಬೈಯಲಿಲ್ಲ, ಸೊಸೆ ಹೋದದ್ದಕ್ಕೂ ಬೈಯಲಿಲ್ಲ. ಬರಲಿಕ್ಕೂ ಇದೆ ಎಂದಳೇ, ಗಂಟು ಕಟ್ಟಿದ್ದನ್ನು ನೀನು ನೋಡಿದೆಯಾ ಎಂದು ಎರಡು ಸಲ ಕೇಳಿದಳು. ನೋಡಿದೆ ಎಂದೆ. "ಹಂಗಾರ ಬರ್ತಾಳ ತಗಿ" ಎಂದು ರಾಟಿಯ ಮುಂದೆ ತಾನೇ ಕುಳಿತು ಕಂಡಿಕೆ ಸುತ್ತತೊಡಗಿದಳು.

ನಾನೂ ಸಂಜೆಯ ಬಸ್ಸಿನ ಹೊತ್ತಿಗೆ ಸ್ಟ್ಯಾಂಡಿನ ಕಡೆ ಹೋಗಿ ಬರತೊಡಗಿದೆ. ಅಲ್ಲಿ ಮೂರನೆಯ ಮನೆಯವನೂ ಇರುತ್ತಿದ್ದ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಳೆ-ಬೆಳೆಯ ಮಾತಾಡುತ್ತಿದ್ದೆವು, ಬಂದ ಕೆಲಸದ ಮಾತು ಮಾತ್ರ ಆಡುತ್ತಿರಲಿಲ್ಲ. ಇಪ್ಪತ್ತನೆಯ ದಿನ ಅವಳು ಇಳಿದಳು. ಮುಖ ತುಂಬಿಕೊಂಡಿತ್ತು, ಉಡಿಯಲ್ಲಿ ಅವಳ ತಾಯಿ ಕಟ್ಟಿಕೊಟ್ಟ ಅಕ್ಕಿ, ಕೊಬ್ಬರಿ ಇದ್ದವು. ನಾನು ಎದ್ದು ನಿಂತೆ. ಮೂರನೆಯ ಮನೆಯವನೂ ಎದ್ದು ನಿಂತು, ಬಸ್ಸಿನಿಂದ ಇಳಿಯುವ ಕೊನೆಯ ಮನುಷ್ಯನ ತನಕ ನೋಡಿ, ಮತ್ತೆ ಕುಳಿತ. ಅವಳು ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಒಂದು ತೂತಿನ ದುಡ್ಡನ್ನು ನನ್ನ ಅಂಗೈಯಲ್ಲಿಟ್ಟು, ಅತ್ತೆಯವರ ಸಂಚಿಯದು, ಅವರಿಗೇ ಕೊಡಿ ಎಂದಳು.