ಬಾಯಲ್ಲಿ ಮೊಳೆ, ಕೈಯಲ್ಲಿ ಪೈಪು

ಸೋಫಾ ಮಾಡುವವನನ್ನು ಕಟ್ಟಿಕೊಂಡರೆ ಹಗಲಿಡೀ ಗಂಡನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಎಂದು ಸೋಫಾದಮ್ಮನಿಗೆ ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ಆತನೇನೂ ಮುಂಗೋಪಿಯಲ್ಲ. ಬಾಯಲ್ಲಿ ಮೊಳೆ ಇರುತ್ತಿತ್ತು, ಅಷ್ಟೆ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ಹೊರಳಿಸಿ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿಕೊಂಡು ಟಪ್ಪೆಂದು ಹೊಡೆಯುತ್ತಿದ್ದ. ದಾರಿಯಲ್ಲಿ ಹೋಗುವವರೂ ಬಾಗಿಲಲ್ಲಿ ನಿಂತು ನೋಡುವಂಥ ಕೈಚಳಕ. ಹೆಂಡತಿಗೆ ಮಾತ್ರ ತಲೆಬಿಸಿ.

"ಊಟಕ್ಕೆ ಬರ್ತೀರಾ?"

"ಹ್ಞೂಂ."

"ಕಿಟಕಿ ಪಕ್ಕದ ಕುರ್ಚಿಗೆ ನೀಲಿ ಬಟ್ಟೆನಾ?"

"ಹ್ಞೂಂ."

"ನಿಮ್ಮನ್ನ ಮದುವೆ ಆಗಿದ್ದಕ್ಕೆ ನನಗೇನು ಹುಚ್ಚು ಹಿಡಿದಿತ್ತಾ?"

"ಹ್ಞೂಂ."

ಸಂಜೆ ಅಂಗಡಿಯ ಷಟರ್ ಎಳೆದ ಮೇಲೆ ಕಥೆಯೇ ಬೇರೆ. ಆತ ಮೊಳೆಗಳನ್ನು ತಟ್ಟೆಗೆ ಉಗಿದು, ಬಾಯಿ ಮುಕ್ಕಳಿಸಿ, ಹಿಂದಿನ ಮೆಟ್ಟಿಲಿಗೆ ಬರುತ್ತಿದ್ದ. ಒಳಗೆ ಹತ್ತಿ, ಫೋಮು, ಗೋಣಿ, ಹೀಗೆ ಬೆಂಕಿಗೆ ಇಷ್ಟವಾದದ್ದೇ ಎಲ್ಲ. ಅದಕ್ಕೆ ಅಂಗಡಿಯೊಳಗೆ ಒಂದು ಕಡ್ಡಿ ಗೀರಿದವನಲ್ಲ. ಮೆಟ್ಟಿಲ ಮೇಲೆ ದಿನಕ್ಕೆ ಒಂದೇ ಒಂದು ಪೈಪು ತಂಬಾಕು. ಅದು ಹೊತ್ತಿತೆಂದರೆ ಬೆಳಗಿನಿಂದ ಮೊಳೆಗಳ ಹಿಂದೆ ಸಿಕ್ಕಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಗೆ. ಯಾರು ಎಷ್ಟು ಚೌಕಾಸಿ ಮಾಡಿದರು, ಯಾರ ಸೋಫಾದೊಳಗೆ ಯಾರ ಹಲ್ಲುಸೆಟ್ಟು ಸಿಕ್ಕಿತು, ಬ್ಯಾಂಕಿನ ಮ್ಯಾನೇಜರು ಸ್ಪ್ರಿಂಗು ಚುಚ್ಚಿದಾಗ ಹೇಗೆ ಎಗರಿದ, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ಸಿನಿಮಾ ಥಿಯೇಟರಿನ ಕುರ್ಚಿಗಳ ಆರ್ಡರು ಬಂದ ವರ್ಷ, ದಿನವಿಡೀ ಮಷೀನಿನಲ್ಲಿ ಸೀಟಿನ ಕವರು ಹೊಲಿದ ಸೋಫಾದಮ್ಮ ಅದೇ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು, ಹೊಟ್ಟೆಯಲ್ಲಿದ್ದ ಮಗಳೂ ಒದೆಯುವಷ್ಟು ನಕ್ಕಿದ್ದಳು. ಆಗ ಆತನ ಹತ್ತಿರ ಇದ್ದದ್ದು ಒಂದೇ ತಂಬಾಕು, ಮೂಲೆಯಂಗಡಿಯ ಹಳದಿ ಡಬ್ಬಿಯದು. ಒಣಹುಲ್ಲಿನ ವಾಸನೆ, ಕೊನೆಯಲ್ಲಿ ಚೂರು ಸುಟ್ಟ ಸಕ್ಕರೆ.

ಆಮೇಲೆ ಎದುರಂಗಡಿಯ ವಾಚು ರಿಪೇರಿಯವನು ಗೆಳೆಯನಾದ. ಅವನಿಗೂ ಪೈಪಿನ ಹುಚ್ಚು. ಒಬ್ಬನಿಗೆ ಇದ್ದರೆ ಚಟ, ಇಬ್ಬರಿಗಿದ್ದರೆ ಸಂಘ. ಡಬ್ಬಿಗಳು ಕಿಟಕಿಯಿಂದ ಅಲಮಾರಿಗೆ, ಅಲಮಾರಿಯಿಂದ ಮಂಚದ ಕೆಳಕ್ಕೆ ಹಬ್ಬಿದವು. ಸೋಫಾದವನು ಒಂದೊಂದಕ್ಕೂ ಅಡ್ಡಹೆಸರಿಟ್ಟ. ಕಾಡು ಸುಟ್ಟ ವಾಸನೆಯದು 'ಫಾರೆಸ್ಟು ಆಫೀಸರು', ನಾಲಿಗೆ ಕಚ್ಚುವುದು 'ಹೆಡ್‌ಮೇಷ್ಟ್ರು', ಡಬ್ಬಿಯಲ್ಲಿ ಹಣ್ಣಿನ ವಾಸನೆ ಬೀರಿ, ಹೊತ್ತಿಸಿದರೆ ಏನೂ ಇಲ್ಲದ್ದು 'ಮಂತ್ರಿ'. ಮೆಟ್ಟಿಲ ಮೇಲೆ ಆತನ ಪಕ್ಕದ ಜಾಗಕ್ಕೆ ವಾಚಿನವನು ಬಂದ. ಮಾತು ತಂಬಾಕಿನ ಸುತ್ತಲೇ ಸುತ್ತತೊಡಗಿತು. ಮಳೆ ಬಂದ ದಿನ ಪೈಪುಗಳು ಮೇಲಿನ ಮನೆಯೊಳಗೂ ಹತ್ತಿ ಬರುತ್ತಿದ್ದವು. ಆಗ ಸೋಫಾದಮ್ಮ ಅಡುಗೆಮನೆಯಿಂದ "ಕಿಟಕಿ ತೆಗೀರಿ! ಹೊಗೆಗೂಡಲ್ಲಿ ಬದುಕೋಕೆ ನಾನೇನು ಇಟ್ಟಿಗೆನಾ?" ಎಂದು ಕೂಗುವುದು ಬೀದಿಗೆಲ್ಲ ಬಾಯಿಪಾಠವಾಯಿತು.

ಹೀಗಿರುವಾಗ ಆಕೆಯ ಮಂಡಿ ಕೈಕೊಟ್ಟಿತು. ಮನೆ ಇದ್ದ ಮೂರನೇ ಮಹಡಿಗೆ ಹತ್ತುವುದು ಇನ್ನು ಆಗದು. ಅಂಗಡಿಯ ಹಿಂದಿನ ಎರಡು ಕೋಣೆಗೆ ಬಂದುಬಿಡೋಣ ಎಂದಾಯಿತು. ಅಲ್ಲಿದ್ದದ್ದು ಗೋಡೆಯಲ್ಲಿ ಒಂದೇ ಅಲಮಾರಿ.

"ಮೂರು," ಎಂದಳು ಸೋಫಾದಮ್ಮ. "ಮೂರು ಡಬ್ಬಿಗೆ ಜಾಗ. ನಾಲ್ಕನೇದು ಬಂದ್ರೆ ಅದ್ರ ಜೊತೆ ನೀವೂ ಆಚೆ."

"ಲೇ, ಆರಾದ್ರೂ ಮಾಡೇ. ಮಂತ್ರಿನ ಆಚೆ ಹಾಕ್ತೀನಿ ಬೇಕಾದ್ರೆ."

"ಮೂರು."

ಮಗಳು ಗಂಟುಮೂಟೆ ಕಟ್ಟುತ್ತಿದ್ದವಳು, "ಅಪ್ಪ, ದಿನಕ್ಕೆ ಒಂದು ಪೈಪು ಸೇದೋರಿಗೆ ಇಷ್ಟು ತಂಬಾಕು ಮುಗಿಸೋಕೆ ಇನ್ನೆರಡು ಜನ್ಮ ಬೇಕು," ಎಂದು ಅಮ್ಮನ ಪಕ್ಷ ಸೇರಿದಳು.

ಈಗ ಆತನ ದೊಡ್ಡತನ ನೋಡಿ. ಬೇರೆಯವನಾಗಿದ್ದರೆ ಹೆಚ್ಚು ಬೆಲೆಯ ಮೂರು ಎತ್ತಿಟ್ಟುಕೊಂಡು ಸುಮ್ಮನಾಗುತ್ತಿದ್ದ. ಆತ ತನ್ನ ಗಿರಾಕಿಗಳಿಗೆ ಮಾಡುತ್ತಿದ್ದುದನ್ನೇ ತನಗೂ ಮಾಡಿಕೊಂಡ. ಅಂಗಡಿಗೆ ಬಂದವರು ಬಟ್ಟೆಯ ಹೂವು ನೋಡಿ ಮರುಳಾದರೆ, "ಕಣ್ಣು ಮುಚ್ಚಿ, ಕೈಯಲ್ಲಿ ಸವರಿ ನೋಡಿ. ನೀವು ಕೂರೋದೇನು ಕಣ್ಣಿನ ಮೇಲಾ?" ಎನ್ನುತ್ತಿದ್ದ. ಹಾಗೆ ಆರಿಸಿದ ಬಟ್ಟೆಯನ್ನು ವಾಪಸು ತಂದವರಿಲ್ಲ. ಅದಕ್ಕೆ ದಿನಾ ಸಂಜೆ ಆತ ಗೋಡೆಗೆ ಮುಖ ಮಾಡಿ ಕೂರುವುದು, ಹೆಂಡತಿ ಯಾವುದೋ ಡಬ್ಬಿಯಿಂದ ಒಂದು ಚಿಟಿಕೆ ಬಟ್ಟಲಿಗೆ ಹಾಕಿ ಕೊಡುವುದು. ಯಾವುದೆಂದು ಗೊತ್ತಿರುವುದು ಆಕೆಗೆ ಮಾತ್ರ. ಮೂಸಿ ನೋಡಿ ಬೇಡವೆನಿಸಿದ್ದು ಮೊದಲೇ ಹೊರಗೆ, ಉಳಿದದ್ದು ಪೈಪಿಗೆ.

ಫಾರೆಸ್ಟು ಆಫೀಸರು ಗೆದ್ದ. ಹೆಡ್‌ಮೇಷ್ಟ್ರು ಸೋತ. ವಾಚಿನವನು ಬಾಯಿ ಬಿಟ್ಟುಕೊಂಡು ನೋಡುವ, ಬಂಗಾರದ ಅಕ್ಷರದ ದುಬಾರಿ ಡಬ್ಬಿಯದನ್ನು ಎರಡು ಸಲ ಎಳೆದು, "ಇದ್ಯಾವುದೋ ಸೋಪು," ಎಂದು ಬೂದಿ ಕೊಡವಿದ. ಯಾವುದು ಎಂದು ಆಕೆ ಹೇಳಿದಾಗ ಪೆಚ್ಚಾದನೇ ಹೊರತು ತೀರ್ಪು ಬದಲಿಸಲಿಲ್ಲ. ಸೋಫಾದಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಒಂದು ಸಂಜೆ ಕೈಗೆ ಹಳದಿ ಡಬ್ಬಿ ಬಂತು. ಮೂಲೆಯಂಗಡಿ ಮುಚ್ಚಿ, ಆ ತಂಬಾಕು ಮಾಡುವವರೂ ಬಾಗಿಲು ಹಾಕಿದ್ದರು. ಇದೇ ಕೊನೆಯದು. ಮುಚ್ಚಳ ತೆಗೆದಿದ್ದೇ ತಡ, ಒಣಹುಲ್ಲು, ಸುಟ್ಟ ಸಕ್ಕರೆ, ಥಿಯೇಟರಿನ ಕುರ್ಚಿಗಳು, ಹೊಟ್ಟೆಯೊಳಗಿನ ಒದೆತ. ಆಕೆಯ ಕೈ ಅಲ್ಲೇ ನಿಂತಿತು. ಇದು ಸೋತರೆ ಮನೆಯಿಂದ ಹೊರಗೆ ಹೋಗುತ್ತದೆ, ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಮೂರೇ ಎಂದು ಹಟ ಹಿಡಿದವಳು ತಾನೇ.

ಬಟ್ಟಲು ಕೊಟ್ಟಳು. ಆತ ಸೇದಿದ. ಆಕೆ ಡಬ್ಬಿಯ ಮುಚ್ಚಳ ಮುಚ್ಚದೆ ಕಾದಳು.

"ಪರವಾಗಿಲ್ಲ," ಎಂದ. "ಸಾದಾ. ಪಾಪದ್ದು. ಮೂರರಲ್ಲಿ ಬರಲ್ಲ."

ಮರುದಿನ ಬಟ್ಟಲಿಗೆ ಮತ್ತೆ ಅದನ್ನೇ ಹಾಕುವ ಯೋಚನೆ ಬಂತು. ಎರಡನೇ ಸಲ ಹಿಡಿಸಿದರೂ ಹಿಡಿಸೀತು. ಆದರೆ ಬಂಗಾರದ ಡಬ್ಬಿಯನ್ನೇ ಸೋಪು ಎಂದವನ ಪರೀಕ್ಷೆಯಲ್ಲಿ ಕಳ್ಳಾಟ ಆಡಲು ಆಕೆಗೆ ಮನಸ್ಸಾಗಲಿಲ್ಲ. ಬಾಯಿಬಿಟ್ಟು ಕೇಳೋಣವೆಂದರೆ, ಕಿಟಕಿ ತೆಗೀರಿ ಎಂದು ಜನ್ಮವಿಡೀ ಕೂಗಿದ ಬಾಯಲ್ಲಿ ಅದನ್ನು ಹೇಗೆ ಕೇಳುವುದು? ನಗೆಪಾಟಲಾಗುವುದಿಲ್ಲವೇ? ಹಳದಿ ಡಬ್ಬಿ ಕೊಟ್ಟುಬಿಡುವ ರಾಶಿಗೆ ಹೋಯಿತು.

ಭಾನುವಾರ ವಾಚಿನವನು ದೊಡ್ಡ ಚೀಲ ಹಿಡಿದು ಬಂದ. ಸೋಫಾದವನು ಹೊಸ ಮನೆಗೆಂದು ಒಂದು ಮೋಡಾ, ಬೆನ್ನಿಲ್ಲದ ಗುಂಡು ಪೀಠ, ಸರಿಮಾಡುತ್ತ ಕೂತಿದ್ದ, ಬಾಯಿ ತುಂಬ ಮೊಳೆ. ಒಂದೊಂದೇ ಡಬ್ಬಿ ಚೀಲಕ್ಕೆ ಇಳಿಯಿತು. ಬಂಗಾರದ ಅಕ್ಷರದ್ದನ್ನು ವಾಚಿನವನು ಬೆಳಕಿಗೆ ಹಿಡಿದು ನೋಡಿದ. "ಇದನ್ನೂ ಕೊಡ್ತಿದೀಯಾ? ತಲೆ ನೆಟ್ಟಗಿದೆ ತಾನೇ?"

"ಹ್ಞೂಂ."

ಕೊನೆಗೆ ಅವನು ಹಳದಿ ಡಬ್ಬಿ ಎತ್ತಿಕೊಂಡು ನಕ್ಕ. "ಇದ್ಯಾಕಪ್ಪ ಇನ್ನೂ ಇಟ್ಕೊಂಡಿದ್ದೆ? ಗಿಡದ ಹುಳಕ್ಕೆ ಹಾಕೋಕೆ ಆಗತ್ತೆ ಅಷ್ಟೆ."

"ಅದನ್ನ ಕೆಳಗಿಡಿ," ಎಂದಳು ಸೋಫಾದಮ್ಮ.

"ಯಾಕತ್ತಿಗೆ?"

"ನನಗೆ ಬೇಕು."

ಸುತ್ತಿಗೆ ನಿಂತಿತು. ಮಗಳು ಕಟ್ಟುತ್ತಿದ್ದ ಹಗ್ಗ ಕೈಬಿಟ್ಟಳು. ವಾಚಿನವನು, "ಅತ್ತಿಗೆ, ಈ ವಯಸ್ಸಲ್ಲಿ ಶುರು ಮಾಡ್ತೀರಾ?" ಎಂದು ಹಲ್ಲು ಕಿರಿದ. ಆಕೆ ಡಬ್ಬಿಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

ಆಗ ಸೋಫಾದವನು ಎಂದೂ ಮಾಡದ್ದನ್ನು ಮಾಡಿದ. ಅರ್ಧ ಕೆಲಸದಲ್ಲಿ ಮೊಳೆಯೆಲ್ಲ ತಟ್ಟೆಗೆ ಉಗಿದ.

"ನಿಂಗೆ ಹೊಗೆ ಕಂಡ್ರೆ ಆಗಲ್ವಲ್ಲೇ? ಇಷ್ಟು ವರ್ಷ ಕಿಟಕಿ ತೆಗೀರಿ, ಕಿಟಕಿ ತೆಗೀರಿ..."

"ಅಂದಿದ್ದು ಬೇರೆಯವಕ್ಕೆ. ಇದಕ್ಕೆ ಯಾವತ್ತಾದ್ರೂ ಅಂದಿದೀನಾ? ನೆನಪು ಮಾಡ್ಕೊಳ್ಳಿ."

ಆತ ನೆನಪು ಮಾಡಿಕೊಂಡ. ಇಲ್ಲ, ಅಂದಿರಲಿಲ್ಲ.

"ಈ ವಾಸನೆ ಬಂತು ಅಂದ್ರೆ," ಆಕೆ ಡಬ್ಬಿಯನ್ನೇ ನೋಡುತ್ತ ಹೇಳಿದಳು, "ನೀವು ನನ್ನ ಹತ್ರ ಮಾತಾಡ್ತಿದ್ರಿ."

ವಾಚಿನವನ ನಗು ಅಲ್ಲೇ ಆರಿತು. ಸೋಫಾದವನು ಎದ್ದು, ಗೆದ್ದ ಮೂರರಲ್ಲಿ ಫಾರೆಸ್ಟು ಆಫೀಸರನ್ನೇ ಎತ್ತಿ ಚೀಲಕ್ಕೆ ಹಾಕಲು ಹೋದ. ಆಕೆ ಕೈ ಹಿಡಿದಳು.

"ಅದು ಪರೀಕ್ಷೆಲಿ ಗೆದ್ದಿದ್ದು, ಇರಲಿ. ನಿಮ್ಮ ಮೂರು ನಿಮ್ಮದು. ಇದು ನನ್ನದು. ಅಡುಗೆಮನೇಲಿ, ನನ್ನ ಶೆಲ್ಫಲ್ಲಿ ಇರತ್ತೆ."

"ನಂಗೆ ಬೇಕಾದ್ರೆ?"

"ಬಾಯಿ ತೊಳ್ಕೊಂಡು ಬಂದು ಕೇಳ್ಬೇಕು. ವಾರಕ್ಕೊಂದು ಚಿಟಿಕೆ. ಕೊನೇ ಡಬ್ಬಿ, ನೆನಪಿರಲಿ."

ಹೊಸ ಮನೆಯ ಹಿಂಬಾಗಿಲು ತೆರೆಯುವುದು ಅದೇ ಹಳೆಯ ಮೆಟ್ಟಿಲಿಗೆ. ಈಗ ಅಲ್ಲಿ ಇಬ್ಬರು ಕೂರುತ್ತಾರೆ. ವಾಚಿನವನು ಬಂದರೆ ಅವನಿಗೆ ಮೋಡಾ. ಮೊದಲ ಸಂಜೆ ಸೋಫಾದವನು ಬಾಯಿ ಮುಕ್ಕಳಿಸಿ, ಶಾಲೆ ಹುಡುಗನ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿದ. ಸೋಫಾದಮ್ಮ ಚಹಾದ ಚಮಚದಲ್ಲಿ ಅಳೆದು, ಮುಚ್ಚಳ ಬಿಗಿಯಾಗಿ ಹಾಕಿ, ಮಂಡಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು ಕಾಲು ನೀಡಿದಳು.

ಆತ ಕಡ್ಡಿ ಗೀರಿದ. ಒಣಹುಲ್ಲು, ಚೂರು ಸುಟ್ಟ ಸಕ್ಕರೆ.

"ಇಲ್ಕೇಳು," ಎಂದ ಆತ ಆಕೆಯ ಕಡೆ ವಾಲಿ, "ಬೆಳಿಗ್ಗೆ ಅಂಗಡಿಗೆ ಒಬ್ಬ ಬಂದಿದ್ದ. ಮಂಚದ ಅರ್ಧಕ್ಕೆ ಮಾತ್ರ ಹೊಸ ಫೋಮು ಹಾಕಿ ಅಂತಾನೆ! ಯಾಕಯ್ಯ ಅಂದ್ರೆ..."