ನಿಂಗಯ್ಯನ ತಕರಾರು

ಕ್ಯಾತಮಾರನಹಳ್ಳಿಯ ನಿಂಗಯ್ಯನಿಗೆ ಮೂರು ಬೀದಿಗೆ ಕೇಳುವ ಆ ಗಂಟಲು ಬಂದದ್ದು ಚಿಕ್ಕಂದಿನಲ್ಲಿ ಜೋಳದ ಹೊಲದ ಗಿಳಿ ಓಡಿಸುತ್ತ. ದೊಡ್ಡವನಾದ ಮೇಲೆ ಅದೇ ಗಂಟಲು ಮೈಸೂರಿನಲ್ಲಿ ಅನ್ನ ಕೊಟ್ಟಿತು. ಇಪ್ಪತ್ತು ವರ್ಷ ಹೆಗಲಿಗೆ ತಮಟೆ ನೇತುಹಾಕಿಕೊಂಡು ಬೀದಿ ಬೀದಿ ಟಾಂಟಾಂ ಹೊಡೆದ. ಪ್ಲೇಗಿನ ಸೂಜಿ, ರೇಷನ್ನಿನ ಗೋಧಿ, ತಪ್ಪಿಸಿಕೊಂಡ ಎಮ್ಮೆ, ಹೊಸ ಸಿನಿಮಾ, ಎಲ್ಲವನ್ನೂ ಸಾರಿದ. ಓದು ಬಾರದು. ಆದರೆ ಒಮ್ಮೆ ಕಿವಿಗೆ ಬಿದ್ದದ್ದನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಅವನ ಹೆಮ್ಮೆಯೆಲ್ಲ ಅದರಲ್ಲೇ.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಬಡಾವಣೆಗಳ ನೀರು ಸಮಿತಿಯ ಗುಮಾಸ್ತ ಸುಂದರೇಶ ಅವನನ್ನು ಕರೆಸಿ, ಅಚ್ಚಾದ ನೋಟೀಸೊಂದನ್ನು ಕೈಗಿತ್ತ.

“ಬರೋ ತಿಂಗಳಿಂದ ಮನೆಮನೆಗೂ ನೀರಿನ ವಿಶೇಷ ಕಂದಾಯ. ಇಷ್ಟು ಸಾರಿದರೆ ಸಾಕು ಕಣಯ್ಯ. ಮಿಕ್ಕಿದ್ದೆಲ್ಲ ಕಾನೂನಿನ ಮಾತು, ಕೇಳೋರಿಗೆ ತಲೆನೋವು.”

ನಿಂಗಯ್ಯ ತನ್ನ ಕೇರಿಯಿಂದಲೇ ಶುರುಮಾಡಿದ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಅವನು ಸಾರಿ ಮುಗಿಸಿದ ಕೂಡಲೇ ಸೊಪ್ಪು ಮಾರುವ ಪುಟ್ಟತಾಯಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

“ಕಂದಾಯ ನಮ್ದು, ಸರಿ. ನೀರು ಯಾರ್ ಮನೆಗೆ ಓಯ್ತದೆ ನಿಂಗಣ್ಣ?”

“ನಂಗೇನ್ ಗೊತ್ತವ್ವ? ಅವ್ರು ಏಳಿದ್ದನ್ನ ಸಾರೋನು ನಾನು.”

“ಇಪ್ಪತ್ತು ವರ್ಸದಿಂದ ಊರೆಲ್ಲಾ ಅರಚ್ಕೊಂಡು ತಿರುಗ್ತೀಯ. ಏನ್ ಅರಚ್ತಿದ್ದೀನಿ ಅಂತ ನಿಂಗೇ ಗೊತ್ತಿಲ್ವಾ?”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಿಂಗಯ್ಯ ತಲೆ ತಗ್ಗಿಸಿಕೊಂಡು ನೇರವಾಗಿ ಸ್ಕೂಲಿಗೆ ನಡೆದ. ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದ ಸರ್ವಮಂಗಳಾ ಟೀಚರು ಹೊರಗೆ ಬಂದರು.

“ಇದ್ರಲ್ಲಿರೋದನ್ನ ಪೂರಾ ಓದಿ ತಾಯಿ. ಒಂದಕ್ಷರಾನೂ ಬುಡಬೇಡಿ.”

ಅವರು ಓದಿದರು. ಹೊಳೆಯಿಂದ ಹೊಸ ಕೊಳವೆ ಎಳೆದು, ಊರ ತೆಂಕಣ ಅಂಚಿನಲ್ಲಿ ಸೈಟುಗಳಿಗೆಂದು ಗೂಟ ನೆಟ್ಟಿರುವ ಹೊಸ ಬಡಾವಣೆಗಳಿಗೆ ನೀರು ಒಯ್ಯುವುದು. ಖರ್ಚೆಲ್ಲ ಹಳೇ ಮೊಹಲ್ಲಾಗಳ ಮನೆಗಳ ಮೇಲೆ. ತಕರಾರು ಇದ್ದವರು ಹನ್ನೆರಡನೇ ತಾರೀಕು ಶನಿವಾರ ಹತ್ತು ಗಂಟೆಗೆ ಸಮಿತಿಯ ಮುಂದೆ ಹಾಜರಾಗಬಹುದು. ಯಾರೂ ಬಾರದಿದ್ದರೆ ಜನರ ಒಪ್ಪಿಗೆ ಇದೆಯೆಂದು ತಿಳಿಯಲಾಗುವುದು.

ಆ ಕೊನೆಯ ಮಾತನ್ನು ನಿಂಗಯ್ಯ ಮೂರು ಸಲ ಓದಿಸಿಕೊಂಡ. ಉಳಿದದ್ದು ನಾಲ್ಕೇ ದಿನ.

“ನಾನು ಸಾರ್ದಿದ್ರೆ ಯಾರು ತಾನೆ ಬತ್ತಾರೆ?” ಎಂದವನೇ ಹೊರಟ.

ಕೂಲಿಯಿಲ್ಲದೆ ಊರನ್ನು ಮತ್ತೆ ಮೊದಲಿಂದ ಸುತ್ತಿದ. ಒಂಟಿಕೊಪ್ಪಲಿನಿಂದ ನಜರ್‌ಬಾದಿನವರೆಗೆ ನಿಂತ ನಿಂತಲ್ಲಿ ಇಡೀ ನೋಟೀಸನ್ನು ಒಪ್ಪಿಸಿದ. ಕ್ಷೌರದವರು ಕೆನ್ನೆಯ ಮೇಲೆ ಕತ್ತಿ ನಿಲ್ಲಿಸಿ ಕೇಳಿದರು.

ಮೂರನೇ ದಿನ ದೊಡ್ಡ ಗಡಿಯಾರದ ಹತ್ತಿರ ಸುಂದರೇಶ ಸೈಕಲ್ ಅಡ್ಡ ನಿಲ್ಲಿಸಿದ. “ಇದನ್ನೆಲ್ಲ ಸಾರು ಅಂದೋರು ಯಾರಯ್ಯ?”

ನಿಂಗಯ್ಯ ಜೇಬಿನಿಂದ ಕಾಗದ ತೆಗೆದು ಚಾಚಿದ. “ಇದ್ರಲ್ಲಿ ಇಲ್ದಿರೋದು ಒಂದಕ್ಷರ ಸಾರಿದ್ರೂ ತೋರ್ಸಿ ಬುದ್ಧಿ. ಇಲ್ಲೇ ತಮಟೆ ಇಳಿಸ್ಬುಡ್ತೀನಿ.”

ಸುತ್ತ ಜನ ಸೇರಿದ್ದರು. ಸುಂದರೇಶ ಕಾಗದ ನೋಡಿದ, ಜನರನ್ನು ನೋಡಿದ. “ಇನ್ನು ನಿನಗೆ ನಮ್ಮಲ್ಲಿ ಕೆಲಸ ಇಲ್ಲ” ಎಂದು ಸೈಕಲ್ ಹತ್ತಿದ. ಸಮಿತಿಯ ಟಾಂಟಾಂ ಹೋದರೆ ಮನೆಯ ಒಲೆ ಅರ್ಧ ಆರಿದಂತೆ. ಆದರೂ ನಿಂಗಯ್ಯ ಮುಂದಿನ ಬೀದಿಗೆ ತಿರುಗಿದ.

ಶನಿವಾರ ಒಂಬತ್ತೂವರೆಗೇ ಸಭಾಂಗಣ ತುಂಬಿ, ಮೆಟ್ಟಿಲು ತುಂಬಿ, ಜನ ರಸ್ತೆಗೆ ಚೆಲ್ಲಿದ್ದರು. ಅಧ್ಯಕ್ಷ ಶಿವರುದ್ರಪ್ಪನವರು ಹಾಕಿಸಿದ್ದು ಹನ್ನೆರಡು ಕುರ್ಚಿ. ಮೇಜು ಗುದ್ದಿದರೂ ಗದ್ದಲ ಅಡಗಲಿಲ್ಲ. ಕೊನೆಗೆ ಅವರೇ, “ಆ ತಮಟೆಯವನನ್ನು ಕರೀರಪ್ಪ” ಎಂದರು. ನಿಂಗಯ್ಯ ಬಿಗಿಯಾಗಿ ಒಂದೇ ಪೆಟ್ಟು ಕೊಟ್ಟ. ಸಭೆ ಗಪ್‌ಚಿಪ್ಪಾಯಿತು. ಬಾಗಿಲಲ್ಲೇ ತಕರಾರಿನವರ ಹೆಸರು ಬರೆದುಕೊಂಡಿದ್ದ ಸರ್ವಮಂಗಳಾ ಟೀಚರು ಪಟ್ಟಿ ನೋಡಿ ಹೇಳಿದ ಒಂದೊಂದು ಹೆಸರನ್ನೂ ಅವನು ರಸ್ತೆಗೆ ಕೇಳುವಂತೆ ಕೂಗಿದ.

ಪುಟ್ಟತಾಯಮ್ಮನ ಸರದಿ ಬಂತು. “ನಮ್ ನಲ್ಲೀಲಿ ದಿನಕ್ಕೆ ಒಂದ್ ಗಂಟೆ ನೀರು. ಅಲ್ಲಿರೋದು ಬರೀ ಗೂಟ. ಗೂಟಕ್ಕೂ ಬಾಯಾರ್ತದಾ ಸ್ವಾಮಿ?” ಸಮಿತಿಯವರೂ ನಗು ತಡೆಯಲಾರದೆ ಹೋದರು.

ಎರಡು ಗಂಟೆಯಾಯಿತು. “ಇನ್ ಯಾರಾರಾ ಇದ್ದೀರಾ?” ಎಂದು ನಿಂಗಯ್ಯ ಕೂಗಿದ. ಯಾರೂ ಏಳಲಿಲ್ಲ. ಅವನು ತಮಟೆಯನ್ನು ನೆಲಕ್ಕಿಟ್ಟು ಕೈಮುಗಿದ.

“ನಾನೊಬ್ಬ ಇವ್ನಿ ಬುದ್ಧಿ.” ಅಂಥ ಗಂಟಲೂ ತಡವರಿಸಿತು. “ಊರು ಬೆಳೀಲಿ, ಬ್ಯಾಡ ಅನ್ನಕಿಲ್ಲ. ಸೈಟು ಕೊಂಡೋರು ಅವ್ರ ಕೊಳವೆ ಅವ್ರೇ ಎಳ್ಸ್ಕೊಳ್ಳಲಿ. ನಮ್ ಕಾಸು ಬೇಕಂದ್ರೆ ಮೊದ್ಲು ನಮ್ ಬೀದಿಗೆ ನೀರು ಬುಡಿ. ಇದು ಯಾರೂ ಬರ್ಕೊಟ್ಟಿದ್ದಲ್ಲ. ನನ್ ಮಾತು.”

ಶಿಳ್ಳೆ, ಚಪ್ಪಾಳೆ ಹೆಂಚು ಹಾರುವಷ್ಟಾಯಿತು.

ಸಮಿತಿಯವರು ಒಳಕೋಣೆಗೆ ಹೋಗಿ ಒಂದು ಗಂಟೆ ಕೂತು ಬಂದರು. ಶಿವರುದ್ರಪ್ಪನವರು ಎದ್ದು ನಿಂತು ಓದಿದರು. ವಿಶೇಷ ಕಂದಾಯ ರದ್ದು. ಕೊಳವೆಯ ಖರ್ಚು ಸೈಟುದಾರರದು. ಹಳೇ ಮೊಹಲ್ಲಾಗಳಿಗೆ ಈ ವರ್ಷವೇ ಹೊಸ ನಲ್ಲಿಗಳು. ಓದಿ ಮುಗಿಸಿ ಕಾಗದವನ್ನು ಗುಮಾಸ್ತನ ಕಡೆ ತಳ್ಳಿದರು. “ಸುಂದರೇಶ್, ನಾಳೆ ಬೆಳಗ್ಗೆಯಿಂದ ಇದನ್ನ ನಿಂಗಯ್ಯನ ಕೈಲೇ ಸಾರಿಸಿ.”

ಜಟಕಾದವರು ನಿಂಗಯ್ಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ಯಾತಮಾರನಹಳ್ಳಿಯವರೆಗೂ ಹೊತ್ತರು. ಮುಂದೆ ಮುಂದೆ ಪುಟ್ಟತಾಯಮ್ಮ ತಾಳ ತಪ್ಪಿಸುತ್ತಲೇ ತಮಟೆ ಬಾರಿಸಿದಳು. ದಾರಿಯುದ್ದಕ್ಕೂ ಜೈಕಾರ ಕೂಗಿ ಕೂಗಿ ನಿಂಗಯ್ಯನ ಗಂಟಲು ಪೂರ್ತಿ ಕಟ್ಟಿಹೋಯಿತು.

“ಬೆಳಿಗ್ಗೆ ಏನ್ ಸಾರೀರಿ, ಮಣ್ಣು?” ಎಂದು ಹೆಂಡತಿ ಮಾದೇವಮ್ಮ ಗದರಿ, ಬಿಸಿ ಮೆಣಸಿನ ಸಾರು ಮುಂದಿಟ್ಟಳು. ಅವನು ಗುಟುಕು ಗುಟುಕಾಗಿ ಕುಡಿಯುತ್ತ, ಪಿಸುದನಿಯಲ್ಲಿ ಸಭೆಯ ಕಥೆಯನ್ನೆಲ್ಲ ಹೇಳಿದ. ತಾನಾಡಿದ ಮಾತಿಗೆ ಬರುವಷ್ಟರಲ್ಲಿ ಅವಳು ಸೌಟು ಕೆಳಗಿಟ್ಟು ಹತ್ತಿರ ಸರಿದಿದ್ದಳು.

“ಅದನ್ನ ಇನ್ನೊಂದ್ ಸಲ ಏಳಿ,” ಎಂದಳು.