ಕೆರೆಯ ಮುಳ್ಳು, ಮನೆಯ ಮುಳ್ಳು

ಆ ಬೇಸಿಗೆ ಕಟ್ಟೆಮಳಲವಾಡಿಯ ನಮ್ಮ ಕೆರೆ ಬತ್ತಿದ ಕೂಡಲೇ, ಗೋಡು ಹೊಡೆಯುವ ಟ್ರ್ಯಾಕ್ಟರುಗಳಿಗಿಂತ ಮೊದಲು ನಾನು ಜರಡಿ ಹಿಡಿದು ಇಳಿದೆ. ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಆ ಸಲ ಮಾತ್ರ ಸೋಮವಾರದಿಂದ ಯಂತ್ರ ಬಂದು ತಳದವರೆಗೂ ಬಗೆಯುವುದೆಂದು ಗೊತ್ತಾಗಿತ್ತು. ಪದರಗಳೆಲ್ಲ ಕಲಸಿಹೋದರೆ ನನ್ನ ಸಂಶೋಧನೆ ಅಲ್ಲಿಗೇ ಮುಗಿಯಿತು.

ನನ್ನ ಕೆಲಸ ಇಷ್ಟೆ: ಹೂಳಿನಲ್ಲಿ ಉಳಿದ ಮೀನಿನ ಮೂಳೆ ನೋಡಿ, ಹಿಂದೆ ನೀರು ಹೇಗಿತ್ತೆಂದು ತಿಳಿಯುವುದು. ಗೆಂಡೆ ಮೀನಿಗೆ ತುಂಬು ನೀರು ಬೇಕು. ಮುರುಗೋಡು ನೀರು ಇಂಗಿದ ಮೇಲೂ ಕೆಸರಿನಲ್ಲಿ ಜೀವ ಹಿಡಿದಿರುತ್ತದೆ. ಯಾವ ಪದರದಲ್ಲಿ ಯಾವ ಮೀನು ಎಂದು ಗೊತ್ತಾದರೆ ಕೆರೆಯ ಕಥೆ ಗೊತ್ತಾದಂತೆ. ಹಳೇ ಕಾಲದಲ್ಲಿ ನಮ್ಮ ಕೆರೆ ಬತ್ತಿದ್ದೇ ಇಲ್ಲವೆಂದು ಅವ್ವ ಹೇಳುತ್ತಿದ್ದಳು. ಅದನ್ನು ಸಾಬೀತು ಮಾಡಿಯೇ ತೀರಬೇಕೆಂದು ನಾನು ಹಟ ಹಿಡಿದಿದ್ದೆ.

ಮೇಲಿನ ಪದರದಲ್ಲೇ ದಪ್ಪ ಬೆನ್ನುಮೂಳೆಯ ಮಣಿಗಳು ಸಿಕ್ಕವು. ಫೋಟೊ ನೋಡಿದ ನನ್ನ ಮಾರ್ಗದರ್ಶಕರು, ಇದು ಸಮುದ್ರದ ಮೀನು, ಹಳೆಯ ವ್ಯಾಪಾರದ ಕುರುಹಿರಬೇಕು, ಬರೆಯಿರಿ ಎಂದರು. ನಾನೂ ಹಿಗ್ಗಿದೆ.

ಸಂಜೆ ಅವ್ವ ಮುದ್ದೆ, ಹುಣಸೂರು ಸಂತೆಯಿಂದ ತಂದ ಒಣಮೀನಿನ ಸಾರು ಬಡಿಸಿದಳು. ಬಾಯಿಂದ ತೆಗೆದ ಮುಳ್ಳನ್ನು ತಟ್ಟೆಯ ಅಂಚಿಗಿಟ್ಟವಳು ಮತ್ತೆ ಎತ್ತಿ ನೋಡಿದೆ. ಅದೇ ಮಣಿ, ಅದೇ ಗಾತ್ರ.

“ಮುಳ್ಳು ನೋಡ್ಕಂಡು ತಿನ್ನವ್ವ. ಓದದು ಆಮ್ಯಾಕೆ ಇದ್ದದ್ದೇ,” ಎಂದಳು ಅವ್ವ.

“ಈ ಮುಳ್ಳೆಲ್ಲ ಎಲ್ಲಿಗಾಕ್ತೀಯವ್ವ?”

“ಇನ್ನೆಲ್ಲಿಗೆ, ಒಲೆ ಬೂದಿ ಜೊತೆ ತಿಪ್ಪೆಗೆ.”

ತಿಪ್ಪೆಯ ಗೊಬ್ಬರ ಹೊಲಕ್ಕೆ, ಮಳೆ ಬಂದರೆ ಹೊಲದ ಮಣ್ಣು ಕೆರೆಗೆ, ಕೆರೆಯ ಗೋಡು ಮತ್ತೆ ಹೊಲಕ್ಕೆ. ಹಳೆಯ ವ್ಯಾಪಾರವಂತೆ, ಮಣ್ಣಂಗಟ್ಟಿ. ಆ ಪದರ ಕೆರೆಯದ್ದಲ್ಲ, ನಮ್ಮೂರ ಅಡುಗೆಮನೆಗಳದ್ದು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮಾರ್ಗದರ್ಶಕರಿಗೆ ಫೋನ್ ಮಾಡಿ ಹೇಳಿದೆ. ಹಾಗಾದರೆ ಕೈಯಲ್ಲಿ ಏನೂ ಉಳಿಯಲಿಲ್ಲವಲ್ಲ ಎಂದರು. ನಾಳೆ ಭಾನುವಾರ ಉಳಿದಿದೆ ಸಾರ್ ಎಂದೆ.

ಬೆಳಗ್ಗೆ ಗುದ್ದಲಿ ಎತ್ತಿಕೊಂಡಾಗ ಅವ್ವನೂ ಮಂಕರಿ ಹಿಡಿದು ಬಂದಳು. ಬೂದಿ, ಮಡಕೆ ಚೂರು ಬೆರೆತ ಮಣ್ಣನ್ನೆಲ್ಲ ತೆಗೆದು ಹಾಕಿದೆವು. ಅವು ನಿಂತ ಮೇಲೆ ಕಪ್ಪು ಜೇಡಿ ಬಂತು. ಅಂಗೈಯ ಬೊಬ್ಬೆಗಳು ಒಡೆದವು, ನಾನು ಬಿಡಲಿಲ್ಲ. ಜೇಡಿಯಲ್ಲಿ ಗೆಂಡೆಯ ಗಂಟಲ ಹಲ್ಲುಗಳು ಸಿಕ್ಕವು. ನಾನ್ ಹೇಳ್ನಿಲ್ವಾ ಎನ್ನುವಂತೆ ಅವ್ವ ನನ್ನನ್ನು ನೋಡಿದಳು. ಇನ್ನೂ ಕೆಳಗೆ ಹೋದರೆ ಬರೀ ಮುರುಗೋಡಿನ ರೆಕ್ಕೆಮುಳ್ಳು. ಅದರ ಕೆಳಗೆ ಮತ್ತೆ ಗೆಂಡೆ.

“ಅಂಗಾರೆ ಆಗ್ಲೂ ಬತ್ತಿತ್ತಾ?” ಎಂದಳು ಅವ್ವ.

“ಬತ್ತಿತ್ತು ಕಣವ್ವ. ಆಮೇಲೆ ತುಂಬ್ತು.”

ಅವಳಿಗೆ ಬೇಸರವಾಯಿತೆಂದು ನನಗೆ ಗೊತ್ತಾಯಿತು. ನನಗೂ ಆಗಿತ್ತು. ಆದರೂ ಇಬ್ಬರೂ ಸೇರಿ ಪದರಕ್ಕೊಂದರಂತೆ ಚೀಲ ಕಟ್ಟಿ, ಕತ್ತಲಾಗುವ ಮೊದಲು ಮನೆಗೆ ಹೊತ್ತೆವು. ಸೋಮವಾರ ಯಂತ್ರ ಕೆರೆಗೆ ಇಳಿದಾಗ ಚೀಲಗಳು ಮಂಚದ ಕೆಳಗಿದ್ದವು.

ಅಂದಿನಿಂದ ಅವ್ವ ಒಣಮೀನಿನ ಮುಳ್ಳನ್ನು ತಿಪ್ಪೆಗೆ ಹಾಕುವುದಿಲ್ಲ. ತೊಳೆದು, ಒಣಗಿಸಿ, ಹಳೆಯ ಡಬ್ಬಿಗೆ ತುಂಬಿಡುತ್ತಾಳೆ. ಯಾಕೆಂದು ಕೇಳಿದೆ.

“ಇವು ನಮ್ಮವು, ಕೆರೆವಲ್ಲ. ಮುಂದೆ ಯಾವಳಾರ ನಿನ್ನಂಗೆ ಜರಡಿ ಇಡ್ಕಂಡು ಬಂದ್ರೆ, ಅವ್ಳಿಗೆ ಮೋಸ ಆಗ್ಬಾರ್ದು.”